ಕಂಬಳಿಯ ಪಾಳಿ

ಹೋದ ವರ್ಷ ನಮ್ಮೂರ ಶಾಲೆಯ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ವಯಸ್ಸಾದವಳೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಒಬ್ಬರು ಎದ್ದು ನಿಂತು, ಹಿಂದಿನ ಕಾಲದಲ್ಲಿ ನಮ್ಮೂರ ಹುಲ್ಲುಗಾವಲಾದ ಕುರಣವನ್ನೂ ಅದರೊಳಗಿನ ಚಿಗರಿ ಜಿಂಕೆಗಳನ್ನೂ ಉಳಿಸಿದವರು ನನ್ನ ಮಾವ, ಅವರ ಮುಂದಾಳತನದಲ್ಲಿ ಇಡೀ ಊರು ಒಂದಾಗಿ ನಿಂತಿತ್ತು ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಕಡೆ ತಿರುಗಿ ಕೈಮುಗಿದವರೂ ಇದ್ದರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ಇದು ಸುಳ್ಳು ಎನ್ನಬೇಕು ಅನ್ನಿಸಿತು. ಆದರೆ ನನ್ನ ಸಿಟ್ಟಿಗಿರುವ ಚುರುಕು ಮೊಣಕಾಲಿಗಿಲ್ಲ. ನಾನು ಏಳುವ ಹೊತ್ತಿಗೆ ಚಹಾ ಬಂದಿತ್ತು.

ಮಾವ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಕುರಣ ಕಾಯುವ ಮಂಡಳಿಯ ಚೇರಮನ್ನರಾಗಿದ್ದರು, ಅದು ನಿಜ. ಆದರೆ ಅಷ್ಟೂ ವರ್ಷದಲ್ಲಿ ಅವರು ಕುರಣದೊಳಗೆ ಕಾಲಿಟ್ಟದ್ದು ಎರಡೇ ಸಲ, ಎರಡು ಸಲವೂ ಯಾರೋ ಸಾಹೇಬರ ಜೊತೆಗೆ. ಉಳಿದ ದಿನಗಳಲ್ಲಿ ಅಲ್ಲಿ ಯಾರಿದ್ದರು ಎಂಬುದನ್ನು ಯಾರಾದರೂ ಬರೆಯಲೇಬೇಕು. ಬರೆಯಬೇಕಾದವರೆಲ್ಲ ಹೋಗಿಬಿಟ್ಟಿದ್ದಾರೆ. ನಾನೊಬ್ಬಳು ಉಳಿದಿದ್ದೇನೆ.

ಸ್ವಾತಂತ್ರ್ಯ ಬಂದ ವರ್ಷವೇ ವಿಜಾಪುರದ ಕಡೆಯಿಂದ ಸೊಸೆಯಾಗಿ ನಾನು ಈ ಊರಿಗೆ ಬಂದೆ. ಜತ್ತ ಸಂಸ್ಥಾನದ ಹಳ್ಳಿ, ಬೆಳುಂಕಿ ಎಂಬ ಊರಿನಿಂದ ಕಾಲುನಡಿಗೆಯ ದೂರ. ಮುಂದೆ ಅಂಗಡಿ, ಹಿಂದೆ ಮನೆ. ಜೋಳ, ಬೆಲ್ಲ, ಸೀಮೆಎಣ್ಣೆ ಮಾರುವ ವ್ಯಾಪಾರ. ಊರ ತೆಂಕಣಕ್ಕೆ ಕಲ್ಲುನೆಲದ ಮೇಲೆ ದೊಡ್ಡ ಹುಲ್ಲುಗಾವಲಿತ್ತು. ಸಂಸ್ಥಾನದ ಕುದುರೆಗಳಿಗೆಂದು ಕಾಯ್ದಿಟ್ಟದ್ದು, ಅದಕ್ಕೇ ಕುರಣ ಎನ್ನುತ್ತಿದ್ದರು. ಒಬ್ಬ ಕಾವಲುಗಾರನಿದ್ದ. ಮರುವರ್ಷ ಸಂಸ್ಥಾನ ಮುಂಬೈ ರಾಜ್ಯದೊಳಗೆ ಸೇರಿಹೋಯಿತು, ನಮ್ಮದು ದಕ್ಷಿಣ ಸಾತಾರಾ ಜಿಲ್ಲೆಯಾಯಿತು, ಕಾವಲುಗಾರನ ಸಂಬಳ ನಿಂತಿತು. ಕುರಣ ಸರಕಾರದ್ದಾಯಿತು ಎಂದರು. ಸರಕಾರದ್ದು ಎಂದರೆ ಯಾರದ್ದೂ ಅಲ್ಲ ಎಂದು ಊರು ಅರ್ಥ ಮಾಡಿಕೊಂಡಿತು. ಬಂಡಿ ಹೂಡಿಕೊಂಡು ಹೋಗಿ ಬೀಜ ಕಟ್ಟುವ ಮೊದಲೇ ಹುಲ್ಲು ಕೊಯ್ದರು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ. ಅದರ ಹಿಂದೆಯೇ ಪಟ್ಟಣದಿಂದ ಜೀಪುಗಳು ಬರತೊಡಗಿದವು.

ಒಂದು ಮಧ್ಯಾಹ್ನ ಅಂಥ ಒಂದು ಜೀಪು ನಮ್ಮ ಅಂಗಡಿಯ ಮುಂದೆಯೇ ನಿಂತಿತು. ಶಿಕಾರಿಯವರು ಇಳಿದು ಬೆಂಕಿಪೆಟ್ಟಿಗೆ ಕೇಳಿದರು. ಮಾವ ಅವರಿಗೆ ಕುರ್ಚಿ ಹಾಕಿಸಿ, ಚಹಾ ಮಾಡು ಎಂದು ಒಳಗೆ ಹೇಳಿದರು. ನಾನು ಕಪ್ಪು ತಂದು ಬಾಗಿಲ ಮರೆಯಲ್ಲಿ ಇಡುವಾಗ ಜೀಪಿನ ಹಿಂಭಾಗ ಕಾಣಿಸಿತು. ಮೂರು ಚಿಗರಿ ಬಿದ್ದಿದ್ದವು. ಅದರಲ್ಲೊಂದು ಹೆಣ್ಣು, ಹೊಟ್ಟೆ ಹರಿದಿತ್ತು, ಒಳಗಿನ ಮರಿಯ ಕಾಲು ಹೊರಗೆ ಬಂದಿತ್ತು. ನನಗೆ ಆಗ ಮೂರು ತಿಂಗಳು. ಕಪ್ಪು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ.

ತಿರುಗಿ ಬಂದಾಗ ಜೀಪಿನ ಬಳಿ ಕುರುಬರ ಆಯಿ ನಿಂತಿದ್ದಳು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಊರಿಗೆಲ್ಲ ಆಕೆ ಆಯಿಯೇ. ಹೆಗಲ ಮೇಲೆ ಕರಿ ಕಂಬಳಿ, ಹಿಂದೆ ಎಂಬತ್ತು ನೂರು ಕುರಿ. ಕುರಿ ಹೊಡೆದುಕೊಂಡು ಹೋಗುತ್ತಿದ್ದವಳು ನಿಂತುಬಿಟ್ಟಿದ್ದಳು.

"ಬಸುರಿ ಐತಿ ಅಂತ ಕಾಣಲಿಲ್ಲೇನ್ರಿ ನಿಮಗ?" ಎಂದು ಕೇಳಿದಳು.

ಅವರು ಮರಾಠಿಯಲ್ಲಿ ಏನೋ ಹೇಳಿ ನಕ್ಕರು. ಓಡುವಾಗ ಎಲ್ಲವೂ ಒಂದೇ ಥರ ಕಾಣುತ್ತವೆ ಮುದುಕಿ, ಎಂದ ಹಾಗೆ ನನಗೆ ನೆನಪು. ಮಾವ, "ಆಯಿ, ಸುಮ್ಮ ಹೋಗ ನೀ. ದೊಡ್ಡ ಮಂದಿ ಅದಾರ" ಎಂದರು. ಆಯಿ ಹೋಗಲಿಲ್ಲ. ಜೀಪು ಹೊರಡುವ ತನಕ ಅದರ ಮುಂದೆಯೇ ನಿಂತಳು. ಅವರು ಹಿಂದಕ್ಕೆ ತಿರುಗಿಸಿಕೊಂಡು ಹೋಗಬೇಕಾಯಿತು.

ಮಂಡಳಿ ಹುಟ್ಟಿದ್ದು ಇದರಿಂದ. ಮೂರು ದಿನ ಆಯಿ ಮನೆಮನೆಗೆ ಹೋಗಿ ಗಂಡಸರ ಜೀವ ತಿಂದಳು. ನಾಲ್ಕನೆಯ ದಿನ ಚಾವಡಿಯಲ್ಲಿ ಸಭೆ ಸೇರಿತು. ಒಳಗೆ ಗಂಡಸರು, ಹೊರಗೆ ಮೆಟ್ಟಿಲ ಮೇಲೆ ಆಯಿ, ಅವಳ ಹಿಂದೆ ನಾವು ನಾಲ್ಕಾರು ಹೆಂಗಸರು. ಕುರಣ ಕಾಯುವ ಮಂಡಳಿ ಎಂದು ಹೆಸರಿಟ್ಟರು. ಮಾವ ಚೇರಮನ್ನರು, ಶಾಲೆಯ ಹೆಡ್‌ಮಾಸ್ತರರು ಕಾರ್ಯದರ್ಶಿ. ಮಾಸ್ತರರು ಮರಾಠಿಯಲ್ಲಿ ಉದ್ದವಾದ ಠರಾವು ಬರೆದು ಓದಿದರು. ಸರಕಾರಕ್ಕೆ ಅರ್ಜಿ ಕೊಡುವುದು, ಸಾಹೇಬರನ್ನು ಕಾಣುವುದು, ಬೋರ್ಡು ಹಾಕುವುದು. ಎಲ್ಲರೂ ಒಪ್ಪಿ ತಲೆಯಾಡಿಸಿ ಎಲೆಯಡಿಕೆ ಹಾಕಿಕೊಂಡು ಎದ್ದರು.

ಆಯಿ ಮೆಟ್ಟಿಲಿನಿಂದಲೇ ಕೇಳಿದಳು: "ಅದೆಲ್ಲಾ ಚಲೋ ಆತ್ರಿ. ನಾಳಿ ಮುಂಜಾನಿ ಯಾರು ಹೋಗಾವ್ರು?"

ಯಾರೂ ಅದನ್ನು ಯೋಚಿಸಿರಲಿಲ್ಲ. ನಾಳೆ ಯಾರು ಹೋಗುತ್ತಾರೆ ಎಂಬ ಒಂದು ಸಾಲು ಬಿಟ್ಟು ಮಿಕ್ಕಿದ್ದೆಲ್ಲ ಆ ಠರಾವಿನಲ್ಲಿತ್ತು. ಆಮೇಲೆ ನಾನು ಬೇಕಾದಷ್ಟು ಮಂಡಳಿ, ಸಂಘ, ಸಮಿತಿ ನೋಡಿದ್ದೇನೆ. ಎಲ್ಲದರಲ್ಲೂ ಇದೇ ಹಾಡು.

ಆಯಿ ಹೆಗಲ ಮೇಲಿನ ಕಂಬಳಿ ತೆಗೆದು, ಓಣಿಯ ಮೊದಲನೆಯ ಮನೆಯ ಕಟ್ಟೆಯ ಮೇಲೆ ಮಡಚಿಟ್ಟಳು. ಅವಳ ಪದ್ಧತಿ ಇಷ್ಟೇ. ಕಂಬಳಿ ಯಾರ ಕಟ್ಟೆಯ ಮೇಲಿದೆಯೋ ಮರುದಿನ ಆ ಮನೆಯ ಪಾಳಿ. ಆ ಮನೆಯ ಒಲೆಯ ರೊಟ್ಟಿ ತಿನ್ನುವವರು ಯಾರಾದರೊಬ್ಬರು ಹೋಗಬೇಕು, ಕೂಲಿಯಾಳನ್ನು ಕಳಿಸುವ ಹಾಗಿಲ್ಲ. ಬೆಳಿಗ್ಗೆಯಿಂದ ಹೊತ್ತು ಮುಳುಗುವ ತನಕ ಕುರಣದ ದಿಬ್ಬದ ಮೇಲೆ ಕೂರಬೇಕು. ಬಂಡಿ ಬಂದರೆ ತಿರುಗಿಸಬೇಕು, ಜೀಪಿನ ಧೂಳು ಕಂಡರೆ ದಾರಿಗೆ ಅಡ್ಡ ನಿಲ್ಲಬೇಕು. ಸಂಜೆ ಬಂದು ಕಂಬಳಿಯನ್ನು ಪಕ್ಕದ ಮನೆಗೆ ಕೊಡಬೇಕು. ಹೋಗದೆ ಇದ್ದವರು ಅದನ್ನು ಮುಂದೆ ದಾಟಿಸುವ ಹಾಗಿಲ್ಲ. ಬೀಜ ಉದುರಿದ ಮೇಲೆ, ಪಾಳಿ ಮಾಡಿದ ಮನೆಗಷ್ಟೇ ಒಂದು ಪಾಲು ಹುಲ್ಲು.

ನಮ್ಮ ಮನೆಗೆ ಬಂದ ಕಂಬಳಿ ಮೂರು ದಿನ ಕಟ್ಟೆಯ ಮೇಲೆಯೇ ಬಿದ್ದಿತ್ತು. ನನ್ನ ಗಂಡನಿಗೆ ಕೆಮ್ಮು, ಮಾವನಿಗೆ ವ್ಯಾಪಾರ. ಅಂಗಡಿಗೆ ಬಂದವರೆಲ್ಲ ಬೆಲ್ಲ ಕಟ್ಟಿಸಿಕೊಳ್ಳುತ್ತ ಕಂಬಳಿ ನೋಡುತ್ತಿದ್ದರು. "ಸಾವ್ಕಾರ್ರ ಮನ್ಯಾಗ ಥಂಡಿ ಭಾಳ ಅನಸ್ತದ" ಎಂದು ಒಬ್ಬ ಹೇಳಿಯೇ ಬಿಟ್ಟ. ನಾಲ್ಕನೆಯ ದಿನ ನನ್ನ ಅತ್ತೆ ರೊಟ್ಟಿ ಕಟ್ಟಿಕೊಂಡು, "ನಡಿ, ನಾವರ ಹೋಗೂನು. ಮರ್ಯಾದಿ ಹೋಗೂದು ಬ್ಯಾಡ" ಎಂದರು. ಹೀಗೆ ನಾವು ಹೋದೆವು. ಹೆಚ್ಚಿನ ಮನೆಗಳಲ್ಲಿ ಹೀಗೆಯೇ ಆಯಿತು. ಮಾಸ್ತರರ ವಹಿಯಲ್ಲಿ ಪ್ರತಿ ಪಾಳಿಯ ಎದುರಿಗೂ ಮನೆಯ ಯಜಮಾನರ ಹೆಸರಿದೆ. ದಿಬ್ಬದ ಮೇಲೆ ಕೂತವರು ಸೊಸೆಯಂದಿರು, ವಿಧವೆಯರು, ತವರಿಗೆ ಬಂದ ಹೆಣ್ಣುಮಕ್ಕಳು. ಆ ವಹಿಯನ್ನು ನಂಬಿ ಭಾಷಣ ಮಾಡಿದರೆ ನನ್ನ ಮಾವ ಹೆಸರಾಂತ ಕಾವಲುಗಾರರು.

ಪಾಳಿ ಓಣಿಯಿಂದ ಓಣಿಗೆ ಹೋಗಿ ಕುರುಬರ ಮನೆಗಳನ್ನೂ ಮುಗಿಸಿತು. ಅದರಾಚೆ ಉಳಿದದ್ದು ಊರ ಹೊರಗಿನ ಕೇರಿ, ಮುಟ್ಟಬಾರದವರೆಂದು ಊರು ದೂರ ಇಟ್ಟಿದ್ದ ಒಂಬತ್ತು ಮನೆ. ಮಂಡಳಿಯವರು, ಇನ್ನು ಮೊದಲಿನಿಂದ ಶುರು ಮಾಡೋಣ ಎಂದರು. ಆಯಿ ಒಪ್ಪಲಿಲ್ಲ. ಅಂಗಡಿಯ ಮುಂದೆ ನಿಂತು ಮಾವನನ್ನು ಕೇಳಿದಳು.

"ಅವರ ಮನ್ಯಾಗಿನ ಕಂಬಳಿ ನಮ್ಮ ಮನಿಗಿ ಹ್ಯಾಂಗ ತಿರುಗಿ ಬರಬೇಕ ಆಯಿ?" ಎಂದರು ಮಾವ, ಮೆತ್ತಗೆ.

"ಕಂಬಳಿಗಿ ಮೈಲಿಗಿ ಐತೇನ್ರಿ ಸಾವ್ಕಾರ್ರ? ನೀವು ಪೂಜಿಗಿ ಕುಂದ್ರೂದು ಯಾತರ ಮ್ಯಾಲ?"

ಮಾವ ದಿನವೂ ಪೂಜೆಗೆ ಕೂರುತ್ತಿದ್ದುದು ಕಂಬಳಿಯ ಮೇಲೆಯೇ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ನಂಬಿಕೆ. ಹತ್ತಿ ಬಟ್ಟೆಯಾದರೆ ಒಗೆದು ಹಿಂಡಬೇಕು, ಕಂಬಳಿಯಾದರೆ ಕೊಡವಿದರೆ ಸಾಕು. ಮಾವ ತಕ್ಕಡಿಯ ಕಡೆ ತಿರುಗಿ ಬೆಲ್ಲ ತೂಗತೊಡಗಿದರು. ಆಯಿ ಪಾಳಿಗೆ ಕಂಬಳಿಯನ್ನೇ ಯಾಕೆ ಆರಿಸಿದ್ದಳು ಎಂದು ನನಗೆ ಆಗ ತಿಳಿಯಿತು. ನನಗೆ ಅವಳ ಜಾಣತನ ಕಂಡು ಎಷ್ಟು ಹಿಗ್ಗಾಯಿತೆಂದರೆ, ಅದರಲ್ಲೇನಾದರೂ ಕೊರತೆ ಇದೆಯೇ ಎಂದು ನೋಡಲೇ ಇಲ್ಲ.

ನಾಲ್ಕು ವರ್ಷ ಕಂಬಳಿ ಎಲ್ಲ ಮನೆಗೂ ಹೋಗಿ ಬಂತು. ಕೇರಿಗೆ ಹೋಗುವಾಗ ಕೇರಿಯ ಬಾಯಲ್ಲಿದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ ಇಟ್ಟುಬರುತ್ತಿದ್ದರು, ಅವರೂ ಪಾಳಿ ಮುಗಿಸಿ ಅದೇ ಕಲ್ಲಿನ ಮೇಲೆ ಇಡುತ್ತಿದ್ದರು. ಪಟ್ಟಣದ ಶಿಕಾರಿಯವರು ಬಂದರೂ, ಬಿಸಿಲಲ್ಲಿ ಕಂಬಳಿ ಹೊದ್ದು ದಾರಿಗೆ ಅಡ್ಡ ನಿಂತ ಹೆಂಗಸಿನ ಮೇಲೆ ಜೀಪು ಹಾಯಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಬೈದುಕೊಂಡು ತಿರುಗುತ್ತಿದ್ದರು. ಹುಲ್ಲು ಬೀಜ ಕಟ್ಟಿತು. ಚಿಗರಿ ಹೆಚ್ಚಿದವು.

ಎಲ್ಲರಿಗಿಂತ ಚೆನ್ನಾಗಿ ಕುರಣ ಕಾಯುತ್ತಿದ್ದವಳು ಕೇರಿಯ ಒಬ್ಬ ಹೆಣ್ಣುಮಗಳು. ಗಂಡ ಸತ್ತವಳು, ಮಗಳೊಬ್ಬಳಿದ್ದಳು. ಕುರಣದ ಹುಲ್ಲಿನಲ್ಲಿ ಕಸಬರಿಗೆ ಕಟ್ಟಿ ಮಾರುವುದೇ ಅವಳ ಬದುಕು. ತನ್ನ ಪಾಳಿ ಇಲ್ಲದ ದಿನವೂ ಅಲ್ಲಿರುತ್ತಿದ್ದಳು. ಯಾವ ಹೆಣ್ಣು ಚಿಗರಿ ಎಲ್ಲಿ ಈದಿದೆ, ಮರಿಯನ್ನು ಎಲ್ಲಿ ಮಲಗಿಸಿ ಮೇಯಲು ಹೋಗಿದೆ, ಎಲ್ಲ ಅವಳಿಗೆ ಗೊತ್ತು. ಒಮ್ಮೆ ನನ್ನ ಪಾಳಿಯಲ್ಲಿ ಹುಲ್ಲಿನೊಳಗೆ ನೆಲಕ್ಕಂಟಿ ಮಲಗಿದ್ದ ಮರಿಯೊಂದನ್ನು ತೋರಿಸಿದಳು. ನಾನು ಬಗ್ಗಿ ಕೈ ಚಾಚಿದೆ.

"ಮುಟ್ಟಬ್ಯಾಡ್ರಿ ಎವ್ವಾ. ಮನಶ್ಯಾರ ವಾಸನಿ ಹತ್ತಿತಂದ್ರ ತಾಯಿ ಬಿಟ್ಟು ಹೋಗ್ತದ" ಎಂದಳು.

ಅವಳು ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ಎವ್ವಾ, ರೀ ಎನ್ನುತ್ತಿದ್ದಳು. ಹಾಗೆಯೇ ಇರಬೇಕು ಎಂದು ನಮಗಿಬ್ಬರಿಗೂ ಅನ್ನಿಸುತ್ತಿತ್ತೇನೋ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಐದನೆಯ ಚಳಿಗಾಲ ದೊಣ್ಣೆ ಬಂತು, ಮತ್ತು ಅದನ್ನು ಹೊಲಿದವಳು ನಾನೇ.

ಹೆಡ್‌ಮಾಸ್ತರರಿಗೆ ಒಂದು ಚಿಂತೆ ಹತ್ತಿತ್ತು. ನಮ್ಮ ಸ್ವಯಂಸೇವಕರಿಗೆ ಗುರುತು ಬೇಡವೇ? ಕಂಬಳಿ ಹೊದ್ದವರನ್ನು ನೋಡಿದರೆ ದನ ಕಾಯುವವರಂತೆ ಕಾಣುತ್ತಾರೆ, ಸಾಹೇಬರು ಬಂದರೆ ಏನೆಂದುಕೊಂಡಾರು? ಒಂದು ಪಟ್ಟಾ ಮಾಡಿಸೋಣ, ಹೆಗಲಿನಿಂದ ಸೊಂಟಕ್ಕೆ ಅಡ್ಡ ಹಾಕಿಕೊಳ್ಳುವಂಥದ್ದು, ಅದರ ಮೇಲೆ ಮಂಡಳಿಯ ಹೆಸರು. ಖಾದಿ ಬಟ್ಟೆ ತಂದರು. ಮಾವ ನನ್ನ ಕೈಗೆ ಕೊಟ್ಟರು. ನಾನು ತವರಿನಲ್ಲಿ ಕಸೂತಿ ಕಲಿತವಳು. ಕೆಂಪು ದಾರದಲ್ಲಿ ಅಕ್ಷರ ತುಂಬಿ, ಅಂಚಿಗೆ ಬಳ್ಳಿ ಹಾಕಿ ಎಂಟು ದಿನ ಕೂತು ಹೊಲಿದೆ. ಎಲ್ಲರೂ ಹೊಗಳಿದರು. ನಾನೂ ಉಬ್ಬಿದೆ. ಅದು ಹತ್ತಿ ಬಟ್ಟೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಬಂದಿತ್ತೋ, ಬಂದರೂ ಸುಮ್ಮನಿದ್ದೆನೋ, ಅದನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಯಿ ಊರಲ್ಲಿರಲಿಲ್ಲ. ದೀಪಾವಳಿ ಮುಗಿದೊಡನೆ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆಗೆ ಹೋದರೆ ಅವಳು ಬರುವುದು ಮಳೆ ಬಿದ್ದ ಮೇಲೆಯೇ.

ಕಂಬಳಿಯನ್ನು ಮಡಚಿ ನಮ್ಮ ಉಗ್ರಾಣದ ಬೆಲ್ಲದ ಚೀಲಗಳ ಮೇಲೆ ಹಾಕಿದರು. ಪಾಳಿಯ ಗುರುತಾಗಿ ಪಟ್ಟಾ ಹೊರಟಿತು. ಕುರಣದ ದಾರಿಯಲ್ಲಿ ಮಾಸ್ತರರು ಮರಾಠಿಯಲ್ಲಿ ಬೋರ್ಡನ್ನೂ ನಿಲ್ಲಿಸಿದರು: ಪಟ್ಟಾ ಹಾಕಿದ ಸ್ವಯಂಸೇವಕರ ಅಪ್ಪಣೆ ಇಲ್ಲದೆ ಒಳಗೆ ಹೋಗಬಾರದು.

ಪಟ್ಟಾ ಕೈಗೆ ಬಂದದ್ದೇ ತಡ, ಗಂಡಸರಿಗೆ ಒಮ್ಮೆಲೇ ಪಾಳಿಯ ಮೇಲೆ ಪ್ರೀತಿ ಹುಟ್ಟಿತು. ಕುರಣದ ಮೇಲಲ್ಲ, ಪಟ್ಟಾದ ಮೇಲೆ. ಅದನ್ನು ಹಾಕಿಕೊಂಡು ಜತ್ತದ ಸಂತೆಗೆ ಹೋದರು, ಡಫಳಾಪುರದ ಮದುವೆಗೆ ಹೋದರು, ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ದರ್ಶನಕ್ಕೂ ಹೋದರು. ಕಂಬಳಿ ಕಟ್ಟೆಯ ಮೇಲೆ ಬಿದ್ದರೆ ನಾಚಿಕೆಯಾಗುತ್ತಿತ್ತು. ಪಟ್ಟಾ ಗೂಟಕ್ಕೆ ತೂಗಿದರೆ ಮನೆಗೆ ಕಳೆ ಬರುತ್ತಿತ್ತು. ಹೋಗದವರು ದಾಟಿಸುವಂತಿಲ್ಲ ಎಂಬ ನೇಮ ಯಾರೂ ಅಳಿಸದೆಯೇ ಅಳಿಸಿಹೋಯಿತು.

ಪಟ್ಟಾ ಕೇರಿಯ ಅಂಚಿಗೆ ಬಂದಾಗ ನಿಂತಿತು. ಕಡೆಯ ಮನೆಯವನು ಅದನ್ನು ಕಲ್ಲಿನ ಮೇಲೆ ಇಡದೆ ನಮ್ಮ ಅಂಗಡಿಗೆ ತಂದ. ಮಾವ, ಮಾಸ್ತರರು, ಇನ್ನಿಬ್ಬರು ಹಿರಿಯರು ಕಟ್ಟೆಯ ಮೇಲೆ ಕೂತು ಮಾತಾಡಿದರು. ಕಂಬಳಿಯ ಮಾತು ಬೇರೆ, ಇದು ಬಟ್ಟೆ, ಮೈಗೆ ಹತ್ತುವುದು. ದಿನಾ ಒಗೆದರೆ ದಾರ ಬಿಡುತ್ತದೆ, ಸೊಸೆ ಅಷ್ಟು ಕಷ್ಟಪಟ್ಟು ಹೊಲಿದಿದ್ದಾಳೆ. ನನ್ನ ಕಸೂತಿಯ ಮೇಲೆ ಅವರಿಗೆ ಅಷ್ಟು ಕಾಳಜಿ. ಕೊನೆಗೆ ಮಾಸ್ತರರು ಠರಾವು ಬರೆದರು. ಕೇರಿಯ ಬಂಧುಗಳು ನಾಲ್ಕು ವರ್ಷ ಶ್ರಮಪಟ್ಟಿದ್ದಾರೆ, ಆದ್ದರಿಂದ ಅವರಿಗೆ ಪಾಳಿಯಿಂದ ವಿಶ್ರಾಂತಿ ಕೊಡಲಾಗಿದೆ. ವಿಶ್ರಾಂತಿಯಂತೆ. ಅದೇ ಮಾಸ್ತರರು ಶಾಲೆಯಲ್ಲಿ ಮಕ್ಕಳಿಗೆ, ಅಸ್ಪೃಶ್ಯತೆ ಕಾಯದೆಯಿಂದ ಹೋಗಿದೆ ಎಂದು ಬರೆಸುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದ ಅಯ್ಯನವರೂ ಅಷ್ಟೇ, ಲಿಂಗ ಕಟ್ಟಿದವರಿಗೆ ಮೈಲಿಗೆ ಎಂಬುದೇ ಇಲ್ಲ ಎಂದು ಹೇಳಿ, ಕೇರಿಯ ದಾರಿ ಬಿಟ್ಟು ಸುತ್ತುಹಾಕಿ ಬರುತ್ತಿದ್ದರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಪಾಳಿ ಹೋದ ಮೇಲೆ ಪಾಲು ಹುಲ್ಲೂ ಹೋಯಿತು. ಅದನ್ನು ಯಾರೂ ಠರಾವಿನಲ್ಲಿ ಬರೆಯಲಿಲ್ಲ, ಬರೆಯುವ ಅಗತ್ಯವಿರಲಿಲ್ಲ. ಆ ಹೆಣ್ಣುಮಗಳು ಹಿತ್ತಲ ಬಾಗಿಲಿಗೆ ಬಂದು ನನ್ನನ್ನು ಕೇಳಿದಳು.

"ಎವ್ವಾ, ನಮ್ಮ ಕಡಿಂದ ಏನರ ತಪ್ಪಾತೇನ್ರಿ? ಹುಲ್ಲ ಕೊಯ್ಯಬ್ಯಾಡ ಅಂದ್ರ ನಾ ಏನ ಕಟ್ಟಲಿ?"

"ನಾ ಮಾವಾರಿಗಿ ಹೇಳ್ತೀನಿ" ಎಂದೆ. ಹೇಳಿದೆ ಕೂಡ, ಊಟಕ್ಕೆ ಬಡಿಸುವಾಗ. ಮಾವ, "ನಿನಗ ತಿಳಿಯೂದಿಲ್ಲ ತಂಗಿ, ಸ್ವಲ್ಪ ಸಾರು ಹಾಕು" ಎಂದರು. ನಾನು ಸಾರು ಹಾಕಿದೆ.

ಒಂದು ತಿಂಗಳು ಕಳೆಯಿತು. ಮಂಡಳಿಯ ಕೆಲಸ ಮೆಚ್ಚಿ ಯಾರೋ ದೊಡ್ಡ ಸಾಹೇಬರು ಜತ್ತದಲ್ಲಿ ಸತ್ಕಾರ ಮಾಡುತ್ತಾರೆಂದು ಹೇಳಿಕಳಿಸಿದರು. ಮಾವ, ಮಾಸ್ತರರು, ನನ್ನ ಗಂಡ, ಊರ ಹತ್ತಾರು ಗಂಡಸರು ಎರಡು ಬಂಡಿ ಹೂಡಿಕೊಂಡು ಬೆಳಗಾಗುವ ಮೊದಲೇ ಹೊರಟರು. ಪಟ್ಟಾ ಮಾವನ ಹೆಗಲ ಮೇಲಿತ್ತು. ಅಂದಿನ ಪಾಳಿ ಯಾರದು ಎಂದು ಯಾರೂ ಕೇಳಲಿಲ್ಲ.

ಅಂದು ಬೆಳಿಗ್ಗೆಯೇ ಜೀಪು ಬಂತು. ಕುರಣದಲ್ಲಿ ಇದ್ದವಳು ಕೇರಿಯ ಆ ಹೆಣ್ಣುಮಗಳು ಒಬ್ಬಳೇ. ಹುಲ್ಲಿಗೆ ಬಂದವಳಲ್ಲ, ಅವಳ ಬಳಿ ಕುಡಗೋಲೂ ಇರಲಿಲ್ಲ. ಮರಿ ಹಾಕುವ ಹೊತ್ತು ಎಂದು ನೋಡಲು ಬಂದಿದ್ದಳು. ಎಂದಿನಂತೆ ದಾರಿಗೆ ಅಡ್ಡ ನಿಂತಳು. ಆ ಶಿಕಾರಿಯವರು ಬೋರ್ಡು ಓದಿದರು. ಓದಿ, ನಿನ್ನ ಪಟ್ಟಾ ಎಲ್ಲಿ ಎಂದು ಕೇಳಿದರು. ಅವಳಿಗೆ ಓದು ಬಾರದು, ಬೋರ್ಡಿನಲ್ಲಿ ಏನಿದೆ ಎಂದು ಅವರೇ ನಗುತ್ತ ಓದಿ ಹೇಳಿದರು. ಪಟ್ಟಾ ಇಲ್ಲದವಳು ನಮ್ಮನ್ನು ತಡೆಯುವಂತಿಲ್ಲ, ನಿಮ್ಮವರೇ ಬರೆದಿದ್ದಾರೆ ಎಂದರು. ಅವಳು ಸರಿಯಲಿಲ್ಲ. ಒಬ್ಬ ಇಳಿದು ಬಂದೂಕಿನ ಹಿಂಬದಿಯಿಂದ ಭುಜಕ್ಕೆ ನೂಕಿದ. ಕಲ್ಲಿನ ಮೇಲೆ ಬಿದ್ದು ಎಡ ಮುಂಗೈ ಮುರಿಯಿತು. ಗುಂಡಿನ ಸಪ್ಪಳ ಊರಿಗೆ ಕೇಳಿಸುತ್ತಲೇ ಇತ್ತು, ಮಧ್ಯಾಹ್ನದ ತನಕ.

ನಾನು ಮತ್ತು ಅತ್ತೆ ಓಡಿಹೋದಾಗ ಅವಳು ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಲ್ಲಿನಲ್ಲಿ ಮರಿಗಳನ್ನು ಹುಡುಕುತ್ತಿದ್ದಳು. ಎರಡು ಸಿಕ್ಕವು. ತಾಯಿ ತಿರುಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಮುಟ್ಟಿ ಎತ್ತಿಕೊಂಡಳು.

ಸಂಜೆ ಬಂಡಿಗಳು ಬಂದವು. ಮಾವನ ಕೊರಳಲ್ಲಿ ಹಾರ, ಕೈಯಲ್ಲಿ ತೆಂಗಿನಕಾಯಿ. ನಡೆದದ್ದನ್ನು ಅತ್ತೆ ಹೇಳಿದರು. ಮಾವ, "ಪಟ್ಟಾ ಇಲ್ದ ಆಕಿ ಯಾಕ ಅಡ್ಡ ನಿಂತಳು? ಕಾಯದೆ ಪ್ರಕಾರ ನಾವು ಏನೂ ಮಾಡಲಿಕ್ಕ ಬರೂದಿಲ್ಲ" ಎಂದರು. ಮಾಸ್ತರರು ತಲೆಯಾಡಿಸಿದರು. ಅಷ್ಟು ವರ್ಷದಲ್ಲಿ ನಾನು ಮಾವನ ಎದುರು ದನಿಯೆತ್ತಿರಲಿಲ್ಲ.

"ಆಕಿ ಕೈ ಮುರದದ ಮಾವಾರ. ನಿಮ್ಮ ಕೊರಳಾಗಿನ ಹಾರ ಆಕೀದು" ಎಂದೆ.

ಅಂಗಡಿಯ ಮುಂದೆ ನಿಂತವರೆಲ್ಲ ಕೇಳಿಸಿಕೊಂಡರು. ನನ್ನ ಗಂಡ ನನ್ನನ್ನು ಒಳಗೆ ನಡೆ ಎಂದ. ನಾನು ಒಳಗೇ ಹೋದೆ, ಉಗ್ರಾಣಕ್ಕೆ. ಬೆಲ್ಲದ ಚೀಲಗಳ ಮೇಲಿನ ಕಂಬಳಿ ಎತ್ತಿ ಕೊಡವಿದೆ. ಅತ್ತೆ ನೋಡಿ, ಒಲೆ ಹಚ್ಚಲು ಹೋದರು.

ಮರುದಿನ ಬೆಳಿಗ್ಗೆ ಕಂಬಳಿ ತೆಗೆದುಕೊಂಡು ಕೇರಿಗೆ ಹೋದೆ. ಕಲ್ಲಿನ ಬಳಿ ನಿಲ್ಲದೆ ಒಳಗೆ ನಡೆದೆ. ಈ ಊರಿಗೆ ಬಂದ ಎಂಟು ವರ್ಷದಲ್ಲಿ ಮೊದಲ ಸಲ ಅವಳ ಮನೆ ನೋಡಿದೆ. ಕೈಗೆ ಬಿದಿರಿನ ದಬ್ಬೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು, ಮಗಳು ಮರಿಗಳಿಗೆ ಬಟ್ಟೆಯ ತುದಿಯಿಂದ ಆಡಿನ ಹಾಲು ಕುಡಿಸುತ್ತಿದ್ದಳು.

"ಪಟ್ಟಾ ಬ್ಯಾಡ. ಕಂಬಳಿ ತಂದೀನಿ. ಇವತ್ತ ಇಬ್ರೂ ಕೂಡಿ ಹೋಗೂನು" ಎಂದೆ.

"ಯಾವಾಗೂ ಇಟ್ಟಂಗ ಕಲ್ಲಿನ ಮ್ಯಾಲ ಇಡಬೇಕಾಗಿತ್ರಿ ಎವ್ವಾ. ಇಲ್ಲಿತನ ಯಾಕ ಬರಾಕ ಹೋದ್ರಿ?"

"ಕಂಬಳಿಗಿ ಮೈಲಿಗಿ ಇಲ್ಲಂತ ಆಯಿ ಹೇಳ್ಯಾಳಲ್ಲ."

"ಕಂಬಳಿಗಿ ಇಲ್ರಿ" ಎಂದಳು. "ನಮಗ ಐತಲ್ಲ."

ನಾಲ್ಕು ವರ್ಷ ನಾವು ಹೊಗಳಿಕೊಂಡ ಜಾಣತನದ ಒಳಗೇ ಆ ಕೊರತೆ ಇತ್ತು. ಎಲ್ಲರನ್ನೂ ಒಂದು ಮಾಡಿದ ಕಂಬಳಿ ಎಂದು ನಾನು ತವರಿಗೆ ಕಾಗದ ಬರೆದಿದ್ದೆ. ಕಂಬಳಿ ದಾಟುತ್ತಿತ್ತು. ಅದನ್ನು ಹಿಡಿದ ಕೈ ಕಲ್ಲಿನ ಆಚೆಗೇ ಇತ್ತು.

"ಪಾಳಿ ಮಾಡ್ತೀನ್ರಿ" ಎಂದು ಅವಳೇ ಹೇಳಿದಳು. "ಚಿಗರಿ ಏನ ತಪ್ಪ ಮಾಡ್ಯಾವ? ಆದ್ರ ಇನ್ನ ಮ್ಯಾಲ ಕಲ್ಲಿನ ಮ್ಯಾಲ ಇಡಾಂಗಿಲ್ಲ. ಕೈಯಾಗ ಕೊಡ್ರಿ, ಕೈಯಾಗ ತಗೋರಿ. ಒಪ್ಪದವ್ರ ಮನಿಗಿ ಪಾಳಿ ಬ್ಯಾಡ."

ನಾನು ಕಂಬಳಿ ಚಾಚಿದೆ. ಅವಳು ನೆಟ್ಟಗಿದ್ದ ಕೈಯಿಂದ ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಿತು. ಹುಲ್ಲು ಸೀಳಿ ಸೀಳಿ ಒರಟಾದ ಬೆರಳು.

ಮುಂದೆ ಪಾಳಿ ಉಳಿದದ್ದು ಅವಳ ಷರತ್ತಿನ ಮೇಲೆ. ಕೈಯಲ್ಲಿ ಕೊಟ್ಟು ಕೈಯಲ್ಲಿ ತೆಗೆದುಕೊಳ್ಳಲು ಒಪ್ಪಿದ ಮನೆಗಳು ಊರಲ್ಲಿ ಅರ್ಧವೂ ಇರಲಿಲ್ಲ. ಕುರುಬರ ಮನೆಗಳು, ಕೇರಿಯ ಮನೆಗಳು, ನಮ್ಮ ಓಣಿಯಲ್ಲಿ ನಾಲ್ಕೇ ನಾಲ್ಕು. ಆಯಿ ಮಳೆಗಾಲಕ್ಕೆ ಬಂದವಳು ಎಲ್ಲ ಕೇಳಿ ಆ ಚಪ್ಪಟೆ ಕಲ್ಲನ್ನು ಉರುಳಿಸಿ ಹಳ್ಳಕ್ಕೆ ಹಾಕಿಸಿದಳು. ಪಾಳಿ ಬೇಗ ಬೇಗ ತಿರುಗಿ ಬರುತ್ತಿತ್ತು, ಎಲ್ಲರಿಗೂ ಕಷ್ಟವಾಯಿತು, ಆದರೂ ಯಾರೂ ಬಿಡಲಿಲ್ಲ. ಮಾವನ ಮಂಡಳಿ ಠರಾವು ಬರೆಯುತ್ತ, ಸತ್ಕಾರ ಮಾಡಿಸಿಕೊಳ್ಳುತ್ತ ಬೇರೆಯೇ ಇತ್ತು.

ಇಲ್ಲಿಗೇ ನಿಲ್ಲಿಸಿದರೆ ನಾನು ಒಳ್ಳೆಯವಳಾಗಿ ಉಳಿದುಬಿಡುತ್ತೇನೆ. ಅದೂ ಸುಳ್ಳೇ ಆಗುತ್ತದೆ.

ಅಂದು ಬೆಳಿಗ್ಗೆ ಅವಳ ಕೈಗೆ ಕಂಬಳಿ ಕೊಟ್ಟು, ರೊಟ್ಟಿ ಕಟ್ಟಿಕೊಂಡು ಬರುತ್ತೇನೆ, ಕುರಣದ ಬಾಯಲ್ಲಿ ಸಿಗು ಎಂದು ಹೇಳಿ ಮನೆಗೆ ಬಂದೆ. ನಾನು ಬರುವ ಮೊದಲೇ, ನಾನು ಕೇರಿಯೊಳಗೆ ಹೋದ ಸುದ್ದಿ ಬಂದಿತ್ತು. ಹಿತ್ತಲ ಬಾಗಿಲಲ್ಲಿ ಅತ್ತೆ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದರು. ಬೈಯಲಿಲ್ಲ. "ಒಳಗ ನಿಮ್ಮ ಮಾವ ಅದಾರ. ಸುಮ್ಮ ಎರಕೊಂಡು ಬಾ ತಂಗಿ, ಆಮ್ಯಾಲ ಬೇಕಾದಲ್ಲಿ ಹೋಗು" ಎಂದರು. ಒಲ್ಲೆ ಎನ್ನಬಹುದಿತ್ತು. ರೊಟ್ಟಿ ಇಲ್ಲದೆ ಹಾಗೇ ಹೊರಟುಹೋಗಬಹುದಿತ್ತು. ಹಿಂದಿನ ಸಂಜೆ ಊರೆದುರು ಮಾವನಿಗೆ ಮಾತಾಡಿದ ಅದೇ ಬಾಯಿ ಇತ್ತು ನನಗೆ. ನಾನು ಬಗ್ಗಿ ನಿಂತು ತಲೆಯ ಮೇಲೆ ನೀರು ಸುರಿದುಕೊಂಡೆ. ಪೂರ್ತಿ ಒಂದು ಕೊಡ.

ನನ್ನ ಮೇಲಿನ ಆ ಸಿಟ್ಟು ಮಾತ್ರ ನನಗೆ ಈ ತನಕ ಇಳಿದಿಲ್ಲ. ಮಾವನ ಮೇಲಿನದು ಅವರು ಹೋದ ಮೇಲೆ ಇಳಿಯಿತು, ಮಾಸ್ತರರ ಮೇಲಿನದು ಅವರ ಮುಪ್ಪು ನೋಡಿ ಇಳಿಯಿತು.

ಅವಳು ಕುರಣದ ಬಾಯಲ್ಲಿ ಕಾಯುತ್ತ ನಿಂತಿದ್ದಳು. ನಾನು ಹತ್ತಿರ ಹೋದೊಡನೆ ನನ್ನ ತಲೆ ನೋಡಿದಳು. ಅಂದು ತಲೆ ಎರೆದುಕೊಳ್ಳುವ ವಾರವಲ್ಲ, ಅದು ಯಾವ ಹೆಂಗಸಿಗಾದರೂ ಗೊತ್ತು. ಸೆರಗು ಎಳೆದುಕೊಂಡೆ, ಸೆರಗೂ ಒದ್ದೆಯಾಗಿತ್ತು. ಅವಳು ಏನಾದರೂ ಅನ್ನಲಿ, ಬೈಯಲಿ, ಕಂಬಳಿ ನನ್ನ ಮೇಲೆ ಎಸೆಯಲಿ ಎಂದು ನಿಂತೆ.

"ತಲಿ ಬಿಚ್ಚಿ ಬಿಸಲಿಗಿ ಆರಿಸ್ಕೋರಿ ಎವ್ವಾ" ಎಂದಳು. "ಮ್ಯಾಲ ಗಾಳಿ ಭಾಳ ಐತಿ, ನೆಗಡಿ ಆದೀತು."

ಹೇಳಿ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ದಿಬ್ಬದ ಕಡೆಗೆ ಮುಂದೆ ನಡೆದಳು. ನಾನು ಅವಳ ಹಿಂದೆ ಹೋದೆ.